ಗೆದ್ದ ಮೇಲೂ ಬಣದಲ್ಲಿ

ಸಂಘದೊಳಗೆ ಬಣ ಕಟ್ಟುವವರ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಇರಲಿಲ್ಲ. ಅಪ್ಪ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರು. ತಾಲ್ಲೂಕು ಶಿಕ್ಷಕರ ಸಂಘದ ಚುನಾವಣೆ ಬಂತೆಂದರೆ ಎರಡೂ ಕಡೆಯವರು ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದರು. ಅಮ್ಮ ಇಬ್ಬರಿಗೂ ಕಾಫಿ ಕೊಡುತ್ತಿದ್ದಳು, ಅಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರು ಬಾಗಿಲು ದಾಟಿದ ಮೇಲೆ, "ಇರೋದೊಂದು ಸಂಘ. ಅದರೊಳಗೂ ಇವರದೊಂದು, ಅವರದೊಂದು ಅಂತ ಮಾಡಿಕೊಂಡರೆ ಬಾಕಿ ಡಿಎ ಕೇಳೋರು ಯಾರು?" ಅನ್ನುತ್ತಿದ್ದರು. ಆ ಮಾತಿಗೆ ಕಾರಣವಿತ್ತು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಹೈಸ್ಕೂಲು ಮತ್ತು ಅದಕ್ಕೂ ಮೇಲಿನ ತರಗತಿಗಳಿಗೆ ಕಲಿಸುವವರಿಗಷ್ಟೇ ಮತ. ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಅದಿಲ್ಲ. ಮೇಷ್ಟರಾಗಿ ಅಪ್ಪನಿಗಿದ್ದ ಮತವೆಂದರೆ ಸಂಘದ್ದೊಂದೇ. ಅದು ಒಡೆದು ಹಂಚಿಹೋಗುವುದನ್ನು ನೋಡಲು ಅವರಿಗೆ ಸಂಕಟವಾಗುತ್ತಿತ್ತು.

ಅವರ ಮಗಳಾದ ನಾನು ಈಗ ಬಹಳ ವರ್ಷಗಳಿಂದ ಶಿಕಾಗೊ ಟೀಚರ್ಸ್ ಯೂನಿಯನ್ನಿನೊಳಗಿನ ಒಂದು ಬಣದಲ್ಲಿದ್ದೇನೆ. ಇಲ್ಲಿ ಅದನ್ನು ಕಾಕಸ್ ಅನ್ನುತ್ತಾರೆ. ನಮ್ಮ ಬಣದ ಪೂರ್ತಿ ಹೆಸರು ಕಾಕಸ್ ಆಫ್ ರ‍್ಯಾಂಕ್ ಅಂಡ್ ಫೈಲ್ ಎಜುಕೇಟರ್ಸ್. ಪದವಿ, ಕುರ್ಚಿ ಇಲ್ಲದ ಸಾಮಾನ್ಯ ಶಿಕ್ಷಕರ ಬಣ. ಎಲ್ಲರೂ ಕರೆಯುವುದು ಕೋರ್ ಎಂದು. ಸಂಘದ ಒಗ್ಗಟ್ಟಿಗೆ ಬಣ ಕೇಡು ಎಂದು ಕೇಳುತ್ತ ಬೆಳೆದ ನಾನು, ಬಣಗಳಿಲ್ಲದ ಸಂಘ ನಿಧಾನವಾಗಿ ಕಚೇರಿಯಾಗಿಬಿಡುತ್ತದೆ ಎಂದು ಇವತ್ತು ನಂಬುತ್ತೇನೆ. ಅಪ್ಪನ ಸಂಕಟವನ್ನು ಮರೆತು ಈ ಮಾತು ಹೇಳುತ್ತಿಲ್ಲ.

ಗಣಿತ, ವಿಜ್ಞಾನ ಕಲಿಸುವವರು ಸಾಲದೆ ಶಿಕಾಗೊದ ಸಾರ್ವಜನಿಕ ಶಾಲೆಗಳು ಹೊರದೇಶಗಳಿಂದ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ಇಲ್ಲಿಗೆ ಬಂದೆ. ನಗರದ ದಕ್ಷಿಣ ಭಾಗದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ. ಈ ಊರಲ್ಲಿ ಒಂದು ನಿಯಮವಿದೆ: ನಗರದ ಶಾಲೆಯಲ್ಲಿ ಪಾಠ ಮಾಡುವವರು ನಗರದೊಳಗೇ ವಾಸ ಮಾಡಬೇಕು. ಕನ್ನಡದವರ ಮನೆಗಳೆಲ್ಲ ಹೆಚ್ಚಾಗಿ ನೇಪರ್‌ವಿಲ್, ಅರೋರಾ, ಶಾಂಬರ್ಗ್‌ನಂಥ ಉಪನಗರಗಳಲ್ಲಿ. ನಾನು ಡೆವಾನ್ ಅವೆನ್ಯೂ ಹತ್ತಿರ ಮನೆ ಹಿಡಿದೆ. ಅಲ್ಲಿ ಸೋನಾಮಸೂರಿಯೂ ಸಿಗುತ್ತದೆ, ನುಗ್ಗೇಕಾಯಿಯೂ ಸಿಗುತ್ತದೆ. ಆದರೆ ಕನ್ನಡ ಕೂಟದ ಯುಗಾದಿಗೆ ಹೋಗಬೇಕೆಂದರೆ ಗಂಟೆಗಟ್ಟಲೆ ದಾರಿ. ಆ ದೂರ ಬರೀ ಮೈಲಿಗಳ ಲೆಕ್ಕದಲ್ಲಿ ಮುಗಿಯುವುದಲ್ಲ ಎಂದು ಆಮೇಲೆ ತಿಳಿಯಿತು.

ವೀಸಾದ ಮೇಲೆ ಬಂದ ನಾವು ಕೆಲವರು ಮೊದಮೊದಲು ಯೂನಿಯನ್ ಸಭೆಗಳಿಂದ ದೂರವೇ ಇದ್ದೆವು. ಸಂಬಳದಲ್ಲಿ ಚಂದಾ ಹಿಡಿಯುತ್ತಿದ್ದರು, ತಿಂಗಳಿಗೊಮ್ಮೆ ಪತ್ರಿಕೆ ಬರುತ್ತಿತ್ತು, ಅಷ್ಟೇ. ನನ್ನ ಶಾಲೆಯಲ್ಲಿ ಡೆಲಿಗೇಟ್ ಯಾರು ಎಂದು ಕೇಳಿದರೆ ಸ್ಟಾಫ್ ರೂಮಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. 30,000ದಷ್ಟು ಸದಸ್ಯರಿದ್ದ ಸಂಘ. ಶಾಲೆಗೊಬ್ಬರಂತೆ ಆರಿಸಿ ಬಂದ ಡೆಲಿಗೇಟ್‌ಗಳು ತಿಂಗಳಿಗೊಮ್ಮೆ ಬುಧವಾರ ಸಂಜೆ ಸೇರುವ ದೊಡ್ಡ ಸಭೆಗೆ ಹೌಸ್ ಆಫ್ ಡೆಲಿಗೇಟ್ಸ್ ಎಂದು ಹೆಸರು. 1970ರ ದಶಕದ ಆರಂಭದಿಂದ ಯುನೈಟೆಡ್ ಪ್ರೋಗ್ರೆಸಿವ್ ಕಾಕಸ್ ಎಂಬ ಬಣವೇ ಅಧಿಕಾರದಲ್ಲಿತ್ತು. ಅದು ಒಂದು ಕಾಲಕ್ಕೆ ಕಪ್ಪು ಮತ್ತು ಬಿಳಿ ಶಿಕ್ಷಕರನ್ನು ಒಂದು ಸೂರಿನಡಿ ತಂದ ಬಣ. 1984ರಿಂದ ಹತ್ತು ವರ್ಷ ಜ್ಯಾಕ್ವೆಲಿನ್ ವಾನ್ ಎಂಬ ಗಟ್ಟಿ ಹೆಂಗಸು ಅದರ ಮುಂದಾಳಾಗಿದ್ದರು. 1987ರಲ್ಲಿ 19 ದಿನ ಮುಷ್ಕರ ನಡೆಸಿದ್ದು ಅವರೇ. ಆದರೆ 1995ರಲ್ಲಿ ಶಾಲೆಗಳು ಮೇಯರ್ ಕೈಗೆ ಹೋದವು. ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು ಎಂಬಂಥ ವಿಷಯಗಳನ್ನು ಚೌಕಾಸಿಗೆ ತರುವ ಹಕ್ಕನ್ನೂ ಕಾನೂನು ಮೊಟಕುಗೊಳಿಸಿತು. ಆಮೇಲೆ ಸಂಘ ಹಿಂದಿನ ಗೆಲುವುಗಳ ನೆನಪಿನಲ್ಲಿ ಬದುಕುತ್ತಿತ್ತು.

ನನ್ನನ್ನು ಎಳೆದು ತಂದದ್ದು ಪಕ್ಕದ ಶಾಲೆ. 2004ರಲ್ಲಿ ಮೇಯರ್ ರಿಚರ್ಡ್ ಡೇಲಿ 'ರೆನೆಸಾನ್ಸ್ 2010' ಎಂಬ ಯೋಜನೆ ಘೋಷಿಸಿದರು. 2010ರೊಳಗೆ 100 ಹೊಸ ಶಾಲೆ ತೆರೆಯುವ ಯೋಜನೆ ಅದು. ಹಳೆಯ ಶಾಲೆಗಳಲ್ಲಿ ಹಲವನ್ನು ಮುಚ್ಚುವುದೂ ಅದರೊಳಗೇ ಸೇರಿತ್ತು. ಮುಚ್ಚಿದವೆಲ್ಲ ಹೆಚ್ಚಾಗಿ ಕಪ್ಪು ಜನರ ಬಡಾವಣೆಗಳಲ್ಲಿ. ಕೆಲವು ಕಡೆ ಶಾಲೆ ಉಳಿಸಿ, ಶಿಕ್ಷಕರಿಂದ ಹಿಡಿದು ಅಡಿಗೆಯವರವರೆಗೆ ಎಲ್ಲರನ್ನೂ ಕೆಲಸದಿಂದ ತೆಗೆದು ಅದಕ್ಕೆ 'ಟರ್ನ್‌ಅರೌಂಡ್' ಎನ್ನುತ್ತಿದ್ದರು. ಪಕ್ಕದ ಶಾಲೆಯ ಮಕ್ಕಳು ವರ್ಷದ ನಡುವೆ ನನ್ನ ಕ್ಲಾಸಿಗೆ ಬಂದು ಕೂತರು. ಅವರಿಗೆ ಬೀಜಗಣಿತ ಬರುತ್ತಿರಲಿಲ್ಲವೆಂದಲ್ಲ. ನೀವೂ ಮುಂದಿನ ವರ್ಷ ಇರುತ್ತೀರಾ ಎಂಬ ಪ್ರಶ್ನೆ ಇಟ್ಟುಕೊಂಡು ಅವರಿಗೆ ಯಾವ ಶಿಕ್ಷಕರನ್ನೂ ನಂಬಲಾಗುತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಬೀದಿಯಲ್ಲಿ ಪಾಠ ಮಾಡಿ, ಅಮ್ಮನಿಗೂ ಮಗಳಿಗೂ ಓದು ಕಲಿಸಿದ ಕಪ್ಪು ಶಿಕ್ಷಕಿಯರು ರಟ್ಟಿನ ಪೆಟ್ಟಿಗೆ ಹಿಡಿದು ಹೊರಗೆ ನಡೆದರು. ಈ ನಗರದ ಶಾಲೆಗಳಲ್ಲಿ ಕಪ್ಪು ಶಿಕ್ಷಕರ ಪಾಲು ಅಲ್ಲಿಂದ ಇಳಿಯುತ್ತಲೇ ಬಂದಿದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಶಾಲೆ ಮುಚ್ಚುವ ಮುನ್ನ ವಿಚಾರಣೆ ಅಂತ ಒಂದು ನಡೆಯುತ್ತಿತ್ತು. ಮಾತಾಡುವವರಿಗೆ ತಲಾ ಎರಡು ನಿಮಿಷ. ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷ ನಾನು ಅಂಥ ಒಂದಕ್ಕೆ ಹೋದೆ. ಹಿಂದಿನ ಸಾಲಿನಲ್ಲಿ ನಾಲ್ಕಾರು ಶಿಕ್ಷಕರು ಕೂತಿದ್ದರು. ಅದು ಅವರ ಯಾರ ಶಾಲೆಯೂ ಅಲ್ಲ. ಪ್ರತಿ ಶಾಲೆಯ ವಿಚಾರಣೆಗೂ ಹೋಗುವುದೆಂದು ಅವರು ತೀರ್ಮಾನ ಮಾಡಿಕೊಂಡಿದ್ದರಂತೆ. ಸಂಘದ ಪದಾಧಿಕಾರಿಗಳು ಬರುತ್ತಿಲ್ಲ, ನಾವಾದರೂ ಬರೋಣ ಎಂದು. ಒಬ್ಬರ ಕೈಯಲ್ಲಿ ನೋಟ್‌ಬುಕ್, ಇನ್ನೊಬ್ಬರ ಕೈಯಲ್ಲಿ ಆ ಶಾಲೆಯ ಬಜೆಟ್ಟು. ವಿಚಾರಣೆ ಮುಗಿದ ಮೇಲೆ ಪಾಲಕರ ಫೋನ್ ನಂಬರ್ ಬರೆದುಕೊಂಡರು. ನನ್ನದನ್ನೂ ಬರೆದುಕೊಂಡರು.

ಕೋರ್ ಹುಟ್ಟಿದ್ದು 2008ರಲ್ಲಿ. ಆರಂಭದಲ್ಲಿ ಅದೊಂದು ಓದುವ ಗುಂಪು. ಜಾಕ್ಸನ್ ಪಾಟರ್, ಜೆಸ್ಸಿ ಶಾರ್ಕಿ, ಕಿಂಗ್ ಕಾಲೇಜ್ ಪ್ರೆಪ್ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕರೆನ್ ಲೂಯಿಸ್, ಹೀಗೆ ಕೆಲವರು ಸೇರಿ ನವೋಮಿ ಕ್ಲೈನ್ ಬರೆದ 'ದಿ ಶಾಕ್ ಡಾಕ್ಟ್ರಿನ್' ಓದಿ ಚರ್ಚಿಸುತ್ತಿದ್ದರು. ವಿಪತ್ತಿನ ಹೊತ್ತಿನಲ್ಲಿ ಸಾರ್ವಜನಿಕ ಸೊತ್ತು ಖಾಸಗಿಯವರ ಕೈಸೇರುವುದು ಹೇಗೆ ಎಂಬ ಪುಸ್ತಕವದು. ತಮ್ಮ ಶಾಲೆಗಳಿಗೆ ಏನಾಗುತ್ತಿದೆ ಎಂಬುದಕ್ಕೆ ಅವರು ಅದರಲ್ಲಿ ಕಾರಣ ಹುಡುಕುತ್ತಿದ್ದರು. 2009ರ ಜನವರಿಯಲ್ಲಿ ಮಾಲ್ಕಂ ಎಕ್ಸ್ ಕಾಲೇಜಿನಲ್ಲಿ, ಹೊರಗೆ ಹಿಮ ಸುರಿಯುತ್ತಿರುವಾಗ, ಐನೂರರಷ್ಟು ಜನ ಸೇರಿದರು. ಶಿಕ್ಷಕರು, ಪಾಲಕರು, ಬಡಾವಣೆಯ ಸಂಘಟನೆಯವರು. ಆ ಚಳಿಗಾಲ ಮುಚ್ಚುವ ಪಟ್ಟಿಯಿಂದ ಆರು ಶಾಲೆಗಳ ಹೆಸರನ್ನು ಆಡಳಿತ ತೆಗೆದುಹಾಕಬೇಕಾಯಿತು. ಸಂಘದ ಅಧಿಕಾರವೇ ಇಲ್ಲದ ಒಂದು ಬಣ ಅದನ್ನು ಮಾಡಿಸಿತ್ತು.

ಬಣದ ಸಭೆಗಳ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಬದುಕಿನ ಒಳ್ಳೆಯ ಸಂಜೆಗಳಲ್ಲಿ ಎಷ್ಟೋ ಅಲ್ಲಿಯೇ ಕಳೆದಿವೆ. ಯಾರದೋ ಶಾಲೆಯ ಲೈಬ್ರರಿ, ಇಲ್ಲವೇ ಚರ್ಚಿನ ನೆಲಮಾಳಿಗೆ. ಮಕ್ಕಳಿರುವವರು ಮಕ್ಕಳನ್ನು ಕರೆತರುತ್ತಾರೆ. ಅವರನ್ನು ನೋಡಿಕೊಳ್ಳಲು ಒಬ್ಬರು ಮೂಲೆಯಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಕೂರುತ್ತಾರೆ. ಮಾತಾಡಬೇಕೆನ್ನುವವರ ಹೆಸರನ್ನು ಒಬ್ಬರು ಸರದಿಯಂತೆ ಬರೆದುಕೊಳ್ಳುತ್ತಾರೆ. ಒಮ್ಮೆಯೂ ಮಾತಾಡದವರಿಗೆ ಮೊದಲ ಅವಕಾಶ. ನನ್ನ ಇಂಗ್ಲಿಷಿನ ಧಾಟಿ ಕೇಳಿ ಸ್ಟಾಫ್ ಮೀಟಿಂಗುಗಳಲ್ಲಿ ಏನಂದಿರಿ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಇಲ್ಲಿ ಯಾರೂ ಹಾಗೆ ಕೇಳಲಿಲ್ಲ. ಬದಲಿಗೆ, ನೀವು ಹೇಳಿದ ಎರಡನೇ ಅಂಶಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದರು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಮಾತ್ರ ಹಾಗೆ ಹೇಳಬಲ್ಲರು. ಆವತ್ತೇ ನಾನು ಈ ಬಣದವಳಾದೆ.

ಸಭೆಯಲ್ಲಿ ಹಳಬರೂ ಇರುತ್ತಿದ್ದರು. ಅವರಿಗೆ ಈ ಸಂಘದ ಚರಿತ್ರೆ ಮನೆತನದ ಕಥೆಯಂತೆ ಬಾಯಿಗೆ ಬರುತ್ತಿತ್ತು. ಮಾರ್ಗರೆಟ್ ಹೇಲಿಯ ಕಥೆ ನಾನು ಕೇಳಿದ್ದು ಅವರಿಂದಲೇ. 1897ರಲ್ಲಿ ಇಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿಯರು ಸಂಘ ಕಟ್ಟಿದರು. ಸಂಬಳ ಹೆಚ್ಚಿಸಲು ದುಡ್ಡಿಲ್ಲ ಎಂದು ನಗರದ ಶಿಕ್ಷಣ ಮಂಡಳಿ ಹೇಳಿದಾಗ ಹೇಲಿ ತೆರಿಗೆ ದಫ್ತರಗಳನ್ನು ಕೆದಕಿ, ನಗರದ ದೊಡ್ಡ ಕಂಪನಿಗಳು ಕೊಡಬೇಕಾದ ತೆರಿಗೆ ಕೊಟ್ಟಿಲ್ಲವೆಂದು ಹುಡುಕಿ ಕೋರ್ಟಿಗೆ ಹೋದರು. ಹೆಂಗಸರಿಗೆ ಮತದಾನದ ಹಕ್ಕೇ ಇಲ್ಲದ ಕಾಲ ಅದು. 1933ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದ ಶಿಕ್ಷಕರು ಪೇಟೆಯ ಬ್ಯಾಂಕುಗಳಿಗೇ ನುಗ್ಗಿದರು. 1960ರ ದಶಕದಲ್ಲಿ, ವರ್ಷಪೂರ್ತಿ ದುಡಿದರೂ ಬದಲಿ ಶಿಕ್ಷಕರು ಎಂಬ ಹಣೆಪಟ್ಟಿಯಲ್ಲೇ ಉಳಿದ ಕಪ್ಪು ಶಿಕ್ಷಕರು ಸಂಘದೊಳಗೇ ಗುಂಪು ಕಟ್ಟಿಕೊಂಡು ಸಂಘವನ್ನೇ ಎದುರಿಸಿದರು. ಇವತ್ತು ನಾವು ಸಂಘದ ಸಾಧನೆ ಎಂದು ಹೇಳಿಕೊಳ್ಳುವ ಎಷ್ಟೋ ವಿಷಯಗಳು ಮೊದಲು ಇಂಥ ಯಾವುದೋ ಗುಂಪಿನ ಹಟವಾಗಿದ್ದವು.

ಅವರು ಹೇಳುತ್ತಿದ್ದ ಇನ್ನೊಂದು ಕಥೆ ಅಷ್ಟು ಹಳೆಯದಲ್ಲ, ನಮಗೆ ಹೆಚ್ಚು ಬೇಕಾದದ್ದು. 2001ರಲ್ಲಿ ಡೆಬೊರಾ ಲಿಂಚ್ ಮುಂದಾಳತ್ವದ ಒಂದು ಸುಧಾರಣಾ ಬಣ ಚುನಾವಣೆ ಗೆದ್ದಿತು. 2003ರಲ್ಲಿ ಅದು ತಂದ ಒಪ್ಪಂದವನ್ನು ಸದಸ್ಯರು ತಿರಸ್ಕರಿಸಿದರು. 2004ರಲ್ಲಿ ಹಳೆಯ ಬಣ ವಾಪಸಾಯಿತು. ಮೇಲಿನ ಕೋಣೆ ಸಿಕ್ಕಿತು, ಶಾಲೆಗಳಲ್ಲಿ ಏನೂ ಕಟ್ಟಿರಲಿಲ್ಲ ಎಂದು ಹಳಬರು ವಿವರಿಸುತ್ತಿದ್ದರು. ಶಾಲೆಶಾಲೆಗೂ ಹತ್ತು ಜನ ಎದ್ದು ನಿಲ್ಲದಿದ್ದರೆ ಅಧ್ಯಕ್ಷರ ಕುರ್ಚಿಯಲ್ಲಿ ಯಾರು ಕೂತರೂ ಒಂದೇ. 2010ರ ಮೇ ಚುನಾವಣೆಯಲ್ಲಿ ಐದು ಬಣಗಳು ಕಣದಲ್ಲಿದ್ದವು. ಯಾರಿಗೂ ಬಹುಮತ ಬರಲಿಲ್ಲ. ಜೂನ್ 11ರ ಮರುಮತದಾನದಲ್ಲಿ ಕರೆನ್ ಲೂಯಿಸ್ ಗೆದ್ದರು. ಪದಾಧಿಕಾರಿಗಳ ಸಂಬಳ ಇಳಿಸುವುದು, ಉಳಿದ ಹಣದಲ್ಲಿ ಶಾಲೆಗಳಲ್ಲಿ ಸಂಘಟನೆ ಮಾಡುವುದು ನಮ್ಮ ಬಣದ ವಾಗ್ದಾನವಾಗಿತ್ತು. ಅದು ನಡೆಯಿತು.

ಬಣದಲ್ಲಿರುವುದು ಕಷ್ಟವಾದದ್ದು ಅಲ್ಲಿಂದ ಮುಂದೆ. ವಿರೋಧದಲ್ಲಿದ್ದಾಗ ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಿರುತ್ತೇವೆ. ಗೆದ್ದ ಮೇಲೆ ನಮ್ಮವರು ವೇದಿಕೆಯ ಮೇಲೆ, ನಾವು ಕೆಳಗೆ. ಅವರಿಗೆ ನಮಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ. ನಮಗೆ ತರಗತಿಯಲ್ಲಿ ಕಾಣುವುದು ಅವರಿಗೆ ಕಾಣದಾಗುತ್ತದೆ. ಮೊದಲ ಪರೀಕ್ಷೆ ವರ್ಷದೊಳಗೇ ಬಂತು. 2011ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆಯಲ್ಲಿ ಸೆನೆಟ್ ಬಿಲ್ 7 ಎಂಬ ಮಸೂದೆ ಬಂದಿತು. ಶಿಕಾಗೊದ ಶಿಕ್ಷಕರು ಮುಷ್ಕರ ಹೂಡಬೇಕಾದರೆ ಮತ ಹಾಕಿದವರಲ್ಲ, ಒಟ್ಟು ಸದಸ್ಯರಲ್ಲೇ ಶೇಕಡಾ 75 ಮಂದಿ ಒಪ್ಪಬೇಕು ಎಂಬ ಷರತ್ತು ಅದರಲ್ಲಿತ್ತು. ಮಾತುಕತೆಯಲ್ಲಿ ಕೂತಿದ್ದ ಕರೆನ್ ಅದಕ್ಕೆ ಬೆಂಬಲ ಕೊಟ್ಟು ಬಂದರು. ಬಣದಲ್ಲಿ ದೊಡ್ಡ ಗದ್ದಲವಾಯಿತು. ಹೌಸ್ ಆಫ್ ಡೆಲಿಗೇಟ್ಸ್ ಆ ಬೆಂಬಲವನ್ನು ವಾಪಸು ಪಡೆಯಿತು. ನಮ್ಮ ಅಧ್ಯಕ್ಷರ ನಿರ್ಧಾರವನ್ನು ನಾವೇ ಮತ ಹಾಕಿ ತೆಗೆದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಹೇಳಿದ ಒಡಕು ಇದೇ ಇರಬಹುದೇ ಅನ್ನಿಸಿತು. ಮರುದಿನದಿಂದ ಕರೆನ್ ಅದೇ ಗಟ್ಟಿ ದನಿಯಲ್ಲಿ ಶಾಲೆಗಳನ್ನು ಸುತ್ತುತ್ತಿದ್ದರು, ನಾವೂ ಜೊತೆಗಿದ್ದೆವು.

ಮಸೂದೆ ಕಾನೂನಾಯಿತು. ಅದನ್ನು ಮಾಡಿಸಿದವರಲ್ಲಿ ಒಬ್ಬರಾದ ಜೋನಾ ಎಡಲ್‌ಮನ್, ಇನ್ನು ಶಿಕಾಗೊದಲ್ಲಿ ಮುಷ್ಕರ ನಡೆಯುವ ಹಾಗೇ ಇಲ್ಲ ಎಂಬ ಅರ್ಥದಲ್ಲಿ ಒಂದು ಸಭೆಯಲ್ಲಿ ಮಾತಾಡಿದರು. ಆ ವಿಡಿಯೊ ನಮ್ಮ ಸ್ಟಾಫ್ ರೂಮುಗಳಲ್ಲೆಲ್ಲ ಓಡಿತು. ಹೊಸ ಮೇಯರ್ ರಾಮ್ ಇಮಾನುಯೆಲ್ ಕಾಲದಲ್ಲಿ, ಒಪ್ಪಂದದಲ್ಲಿದ್ದ ಶೇಕಡಾ 4ರ ವೇತನ ಏರಿಕೆಯನ್ನು ಮಂಡಳಿ ಹಿಂತೆಗೆದುಕೊಂಡಿತು. ಶಾಲೆಯ ಅವಧಿ ಉದ್ದವಾಗಬೇಕೆಂದಿತು. ನಾವು ಒಬ್ಬೊಬ್ಬರನ್ನೂ ಹಿಡಿದು ಕೂರಿಸಿ ಮಾತಾಡಿದೆವು. ಬಾಗಿಲ ಬಳಿ ಒಂದು ಪಟ್ಟಿ ಇರುತ್ತಿತ್ತು: ಯಾರ ಜೊತೆ ಮಾತಾಗಿದೆ, ಯಾರಿಗೆ ಏನು ಭಯ, ಯಾರ ಗಂಡನಿಗೆ ಕೆಲಸ ಹೋಗಿದೆ. 2012ರ ಮೇ ತಿಂಗಳಲ್ಲಿ ಅಣಕು ಮತದಾನ, ಜೂನ್‌ನಲ್ಲಿ ನಿಜವಾದದ್ದು. ಒಟ್ಟು ಸದಸ್ಯರಲ್ಲಿ ಹೆಚ್ಚುಕಡಿಮೆ ಶೇಕಡಾ 90 ಮಂದಿ ಹೂಂ ಅಂದರು. ಗಣಿತದವಳಾದ ನನಗೆ ಅದಕ್ಕಿಂತ ಸುಂದರವಾದ ಸಂಖ್ಯೆ ಕಂಡಿಲ್ಲ.

ಸೆಪ್ಟೆಂಬರ್ 10ರಂದು ಮುಷ್ಕರ ಶುರುವಾಯಿತು. 26,000ದಷ್ಟು ಶಿಕ್ಷಕರು ಕೆಂಪು ಅಂಗಿ ತೊಟ್ಟು ಬೀದಿಗೆ ಬಂದರು. ಬಸ್ಸಿನ ಡ್ರೈವರುಗಳು ಹಾರನ್ ಹೊಡೆದು ಹೋಗುತ್ತಿದ್ದರು, ಮಕ್ಕಳ ಅಜ್ಜಿಯರು ನೀರಿನ ಬಾಟಲಿ ತಂದುಕೊಡುತ್ತಿದ್ದರು. ವಾರದ ಕೊನೆಗೆ ಒಪ್ಪಂದದ ಕರಡು ಸಿದ್ಧವಾಯಿತು. 16ರ ಭಾನುವಾರ ಡೆಲಿಗೇಟ್‌ಗಳ ಸಭೆ. ಅಷ್ಟರಲ್ಲಿ ನಾನು ನನ್ನ ಶಾಲೆಯ ಡೆಲಿಗೇಟ್ ಆಗಿದ್ದೆ. ವೇದಿಕೆಯ ಮೇಲಿದ್ದವರೆಲ್ಲ ನಮ್ಮ ಬಣದವರು. ಅವರೇ ಮಾತುಕತೆ ಮಾಡಿ ತಂದ ಕರಡು. ಮರುದಿನ ಮಕ್ಕಳು ಶಾಲೆಗೆ ಬರುತ್ತಾರೆಂದು ಇಡೀ ಊರು ಎಣಿಸಿತ್ತು. ಡೆಲಿಗೇಟ್‌ಗಳು ಒಬ್ಬೊಬ್ಬರಾಗಿ ಎದ್ದು, ನಾವಿನ್ನೂ ಇದನ್ನು ಓದಿಲ್ಲ, ನಮ್ಮ ಶಾಲೆಯವರಿಗೆ ತೋರಿಸದೆ ಮುಷ್ಕರ ನಿಲ್ಲಿಸುವುದಿಲ್ಲ ಎಂದರು. ಹಾಗೆಂದವರಲ್ಲಿ ಅರ್ಧಕ್ಕರ್ಧ ನಮ್ಮ ಬಣದವರೇ. ವೇದಿಕೆಯ ಮೇಲಿನವರು ಅದನ್ನು ತಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಯ ಮುಂದಿನ ಫುಟ್‌ಪಾತಿನ ಮೇಲೆ ನಾವು ಕರಡನ್ನು ಹಂಚಿಕೊಂಡು ಕೂತೆವು. ಒಬ್ಬರು ಒಂದು ಪುಟ ಗಟ್ಟಿಯಾಗಿ ಓದುವುದು, ಮಿಕ್ಕವರು ಪ್ರಶ್ನೆ ಕೇಳುವುದು. ಮಕ್ಕಳ ಪರೀಕ್ಷೆಯ ಅಂಕಗಳಿಂದ ಶಿಕ್ಷಕರನ್ನು ಎಷ್ಟರ ಮಟ್ಟಿಗೆ ಅಳೆಯಬಹುದು? ಕೆಲಸ ಕಳೆದುಕೊಂಡವರನ್ನು ವಾಪಸು ಕರೆಯುವಾಗ ಯಾವ ಕ್ರಮ? ಶಾಲೆ ಶುರುವಾದ ದಿನವೇ ಪಠ್ಯಪುಸ್ತಕ ಕೈಯಲ್ಲಿರಬೇಕು ಎಂಬ ಒಂದು ಸಾಲು ಅದರಲ್ಲಿತ್ತು. ಅದನ್ನು ಓದಿದಾಗ ಇಂಗ್ಲಿಷ್ ಕಲಿಸುವ ಸಹೋದ್ಯೋಗಿ ಅತ್ತರು. ಇಷ್ಟು ಚಿಕ್ಕದನ್ನು ಪಡೆಯಲು ಬೀದಿಗೆ ಬರಬೇಕಾಯಿತಲ್ಲ ಎಂದು. ಅದೇ ದಿನ ಮೇಯರ್ ಕಡೆಯ ವಕೀಲರು ಮುಷ್ಕರ ನಿಲ್ಲಿಸುವ ಆದೇಶಕ್ಕಾಗಿ ಕೋರ್ಟಿಗೆ ಹೋದರು. ಮಂಗಳವಾರ 18ಕ್ಕೆ ಹೌಸ್ ಮತ್ತೆ ಸೇರಿ ಮುಷ್ಕರವನ್ನು ನಿಲ್ಲಿಸಲು ಒಪ್ಪಿತು. ಅಂದು ಗೌರಿ ಹಬ್ಬ. ಮೊರದ ಬಾಗಿನವಿಲ್ಲದೆ ಕಳೆದ ಗೌರಿ ಹಬ್ಬ ನನಗದೊಂದೇ. ಬುಧವಾರ ಗಣೇಶನ ಹಬ್ಬದ ದಿನ ಶಾಲೆ ತೆರೆಯಿತು, ಮಕ್ಕಳು ಬಂದರು.

ಉಪನಗರದ ಕನ್ನಡ ಗೆಳೆಯರಿಗೆ ಇದೆಲ್ಲ ವಿವರಿಸುವುದು ಸುಲಭವಿರಲಿಲ್ಲ. ಅಲ್ಲಿನ ಶಾಲೆಗಳಲ್ಲಿ ನರ್ಸ್ ಇದ್ದಾರೆ, ಲೈಬ್ರರಿ ಇದೆ, ಈಜುಕೊಳವೂ ಇದೆ. ಮಕ್ಕಳನ್ನು ಬಿಟ್ಟು ಮೇಷ್ಟರು ಮುಷ್ಕರ ಮಾಡೋದು ಸರಿಯಾ ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ನಾನು ಅವರನ್ನು ನನ್ನ ಶಾಲೆಗೆ ಕರೆದೆ. ಒಂದಿಬ್ಬರು ಬಂದರು. ಸೆಪ್ಟೆಂಬರಿನ ಸೆಕೆಯಲ್ಲಿ ಕಿಟಕಿ ತೆರೆಯಲಾಗದ ಕೋಣೆಯಲ್ಲಿ ಒಂದು ಪೀರಿಯಡ್ ಕೂತು ಹೋದರು. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ.

ಗೆಲುವಿನ ಕಥೆಯಾಗಿ ಇದನ್ನು ಮುಗಿಸಲು ಸಾಧ್ಯವಿಲ್ಲ. 2013ರ ಮೇ 17ರಂದು ನಡೆದ ಸಂಘದ ಚುನಾವಣೆಯಲ್ಲಿ ನಮ್ಮ ಬಣಕ್ಕೆ ಶೇಕಡಾ 80ರ ಹತ್ತಿರ ಮತ ಬಂದವು. ಐದು ದಿನದ ನಂತರ, ಮೇ 22ರಂದು, ಮಂಡಳಿ 50 ಶಾಲೆಗಳನ್ನು ಮುಚ್ಚಲು ಮತ ಹಾಕಿತು. ಈ ದೇಶದಲ್ಲಿ ಒಮ್ಮೆಗೇ ಅಷ್ಟು ಶಾಲೆ ಮುಚ್ಚಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಮೂರು ದಿನ ನಾವು ಮುಚ್ಚಲಿದ್ದ ಶಾಲೆಗಳ ಮುಂದೆ ಹಾದು ನಗರವನ್ನು ನಡೆದು ದಾಟಿದ್ದೆವು. ಚುನಾವಣೆಯಲ್ಲಿ ಗೆಲ್ಲುವ ಬಲ ಬೇರೆ, ಒಂದು ಬಡಾವಣೆಯ ಶಾಲೆಯನ್ನು ಉಳಿಸುವ ಬಲ ಬೇರೆ. ಎರಡನೆಯದು ನಮ್ಮಲ್ಲಿ ಸಾಕಷ್ಟಿರಲಿಲ್ಲ. ಆ ಜೂನ್‌ನಲ್ಲಿ ಬಣದ ಸಭೆಗೆ ಬಂದವರ ಮುಖಗಳು ನನಗಿನ್ನೂ ನೆನಪಿವೆ. ಹಲವರು ಅದೇ ಶಾಲೆಗಳವರು.

ನನ್ನ ಮಟ್ಟಿಗೆ ಆಮೇಲಿನ ಅತಿ ಸಪ್ಪೆಯ ವರ್ಷ 2016. ನಮ್ಮ ಬಣದ ಎದುರು ಯಾರೂ ನಿಲ್ಲಲಿಲ್ಲ. ಅವಿರೋಧ ಆಯ್ಕೆ. ಸಿಹಿ ಹಂಚಿದರು. ಆದರೆ ಸಭೆಗಳು ತೆಳುವಾದವು. ಪದಾಧಿಕಾರಿಗಳ ವರದಿ ಕೇಳಿ ಚಪ್ಪಾಳೆ ತಟ್ಟಿ ಎದ್ದು ಬರುವ ಸಂಜೆಗಳು ಹೆಚ್ಚಾದವು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ಆಗ ಎಚ್ಚರಿಸಿದಳು. ಅಲ್ಲಿನ ಸಂಘವನ್ನು 1960ರ ದಶಕದಿಂದ ಯೂನಿಟಿ ಎಂಬ ಒಂದೇ ಬಣ ಆಳಿಕೊಂಡು ಬಂದಿದೆ. ಬಣ ತೀರ್ಮಾನಿಸಿದ್ದನ್ನು ಸಂಘದ ವೇದಿಕೆಗಳಲ್ಲಿ ಬೆಂಬಲಿಸುತ್ತೇನೆ ಎಂದು ಅದರ ಸದಸ್ಯರು ಒಪ್ಪಿ ಸಹಿ ಮಾಡಬೇಕು. ಒಳಗೆ ಏನು ಬೇಕಾದರೂ ಮಾತಾಡಿ, ಹೊರಗೆ ಒಂದೇ ದನಿ. ನನ್ನ ಗೆಳತಿ ಇರುವುದು ಅದರ ಎದುರಿನ ಮೋರ್ ಎಂಬ ಬಣದಲ್ಲಿ. ಅದು 2012ರಲ್ಲಿ, ಹೆಚ್ಚುಕಡಿಮೆ ನಮ್ಮನ್ನು ನೋಡಿಯೇ ಕಟ್ಟಿದ್ದು. ಯೂನಿಟಿಯವರ ಶಿಸ್ತಿನಲ್ಲಿ ದೊಡ್ಡ ಸಂಘವೊಂದನ್ನು ದಶಕಗಟ್ಟಲೆ ಒಡೆಯದೆ ಕಾಪಾಡಿದ ಶಕ್ತಿಯಿದೆ. ಅಪ್ಪ ಅದನ್ನು ಮೆಚ್ಚುತ್ತಿದ್ದರೇನೋ. ಆದರೆ ನಿವೃತ್ತರ ಆರೋಗ್ಯವಿಮೆಯನ್ನು ಖಾಸಗಿ ಯೋಜನೆಗೆ ಬದಲಾಯಿಸುವ ಪ್ರಸ್ತಾಪ ಬಂದಾಗ, 2024ರ ಜೂನ್‌ನಲ್ಲಿ, ನಿವೃತ್ತ ಶಿಕ್ಷಕರ ವಿಭಾಗದ ಚುನಾವಣೆಯಲ್ಲೇ ಅವರು ಸೋತರು. ದಶಕಗಳ ಕಾಲ ಅವರ ಬೆನ್ನಿಗಿದ್ದ ಹಿರಿಯರೇ ಬೆನ್ನು ತಿರುಗಿಸಿದರು. ಅದಕ್ಕೆ ಮುಂಚೆ ಒಳಗಿನವರೇ ಎದ್ದು ಬೇಡ ಅನ್ನಬಹುದಾಗಿತ್ತು.

ನನಗೆ ಬೇಡ ಅನ್ನುವ ಸರದಿ 2019ರಲ್ಲಿ ಬಂತು. ಅಕ್ಟೋಬರ್ 17ಕ್ಕೆ ಮುಷ್ಕರ ಶುರುವಾಗಿ 11 ಶಾಲಾ ದಿನಗಳು ಹೋದವು. ಪ್ರತಿ ಶಾಲೆಗೂ ಒಬ್ಬ ನರ್ಸ್, ಒಬ್ಬ ಸಮಾಜ ಕಾರ್ಯಕರ್ತೆ. ತರಗತಿ ಕಿಕ್ಕಿರಿಯದಂತೆ ನೋಡಿಕೊಳ್ಳಲು ಹಣ. ಇಂಥವನ್ನು ಚೌಕಾಸಿ ಮೇಜಿಗೆ ತರುವುದೇ ಕಷ್ಟವಿದ್ದ ಕಾಲದಿಂದ ನಾವು ಅಲ್ಲಿಗೆ ಬಂದಿದ್ದೆವು. ಆದರೆ ಪ್ರಾಥಮಿಕ ಶಾಲೆಯ ಶಿಕ್ಷಕರು ಕೇಳಿದ್ದ ಪಾಠದ ತಯಾರಿಯ ಸಮಯ ಅದರಲ್ಲಿ ಬಂದಿರಲಿಲ್ಲ. ನಾನು ಹೈಸ್ಕೂಲಿನವಳು. ಆ ಸಮಯ ನನಗೆ ಬೇಕಿರಲಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟರ ಮಗಳಾಗಿ, ರಾತ್ರಿ ಲಾಂದ್ರದ ಬೆಳಕಲ್ಲಿ ಮರುದಿನದ ಪಾಠ ಬರೆಯುತ್ತಿದ್ದ ಅಪ್ಪನನ್ನು ನೋಡಿದವಳಾಗಿ, ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಹೌಸ್‌ನಲ್ಲಿ ಒಪ್ಪಂದದ ಪರ 364 ಮತ, ವಿರುದ್ಧ 242. ಆ 242ರಲ್ಲಿ ನನ್ನದೂ ಒಂದು. ನನ್ನ ಬಣದ ಅಧ್ಯಕ್ಷರು ತಂದ ಒಪ್ಪಂದಕ್ಕೆ ನಾನು ವಿರುದ್ಧವಾಗಿ ಮತ ಹಾಕಿದ್ದೆ.

ಮರುದಿನ ಅಕ್ಟೋಬರ್ 31. ಆ ವರ್ಷ ಅಷ್ಟು ಬೇಗ ಹಿಮ ಬಿತ್ತು. ಮುಷ್ಕರದಲ್ಲಿ ಹೋದ ದಿನಗಳನ್ನು ತುಂಬಿಕೊಡಲು ಅವಕಾಶ ಕೊಡಿ ಎಂದು ನಾವು ಸಿಟಿ ಹಾಲ್ ಸುತ್ತ ಮೆರವಣಿಗೆ ಮಾಡಿದೆವು. ಒಪ್ಪಂದಕ್ಕೆ ಹೂಂ ಅಂದವರು, ಊಹೂಂ ಅಂದವರು ಒಂದೇ ಸಾಲಿನಲ್ಲಿದ್ದೆವು. ಬಣದ ಮುಂದಿನ ಸಭೆಯಲ್ಲಿ ನನಗೆ ಮೊದಲು ಮಾತಾಡಲು ಬಿಟ್ಟರು, ಯಾಕೆ ವಿರುದ್ಧ ಹಾಕಿದಿರಿ ಹೇಳಿ ಎಂದು. ಮಾತುಕತೆಯ ತಂಡದಲ್ಲಿದ್ದವರು ಯಾಕೆ ಅಲ್ಲಿಗೆ ನಿಲ್ಲಿಸಿದೆವೆಂದು ಹೇಳಿದರು. ಅವರ ವಾದದಲ್ಲಿ ತೂಕವಿತ್ತು: ಇನ್ನೂ ಒಂದು ವಾರ ಎಳೆದಿದ್ದರೆ ದುರ್ಬಲ ಶಾಲೆಗಳಲ್ಲಿ ಸಾಲು ಮುರಿಯುತ್ತಿತ್ತು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ನನ್ನನ್ನು ಯಾರೂ ಬಣದ ವೈರಿ ಎಂದು ನೋಡಲಿಲ್ಲ. ಅಪ್ಪನಿಗೆ ನಾನು ತೋರಿಸಬೇಕೆಂದಿದ್ದ ಒಗ್ಗಟ್ಟು ಇದು: ನನಗೆ ಎದುರಾಡುವ ಹಕ್ಕನ್ನು ಉಳಿಸಿಕೊಟ್ಟೇ ನನ್ನ ಕೈ ಹಿಡಿಯುವಂಥದ್ದು. ತೋರಿಸಲು ಅವರು ಆಗ ಇರಲಿಲ್ಲ.

ಕರೆನ್ ಲೂಯಿಸ್‌ಗೆ 2014ರಲ್ಲಿ ಮೆದುಳಿನ ಗಡ್ಡೆ ಪತ್ತೆಯಾಯಿತು. 2021ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರು ಹುದ್ದೆ ಬಿಟ್ಟ ಮೇಲೆ ಜೆಸ್ಸಿ ಶಾರ್ಕಿ, 2022ರಿಂದ ಸ್ಟೇಸಿ ಡೇವಿಸ್ ಗೇಟ್ಸ್ ಅಧ್ಯಕ್ಷರು. 2023ರಲ್ಲಿ ನಮ್ಮ ಸಂಘದಲ್ಲಿ ಸಂಘಟಕರಾಗಿದ್ದ ಬ್ರ್ಯಾಂಡನ್ ಜಾನ್ಸನ್ ಈ ನಗರದ ಮೇಯರ್ ಆದರು. ಆಗಿನಿಂದ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಸಂಘದ ಕಚೇರಿಯಲ್ಲಿ ನಮ್ಮವರು, ಮೇಯರ್ ಕಚೇರಿಯಲ್ಲೂ ನಮ್ಮವರು. ಇಂಥ ಹೊತ್ತಿನಲ್ಲಿ ಬಣದ ಕೆಲಸ ಎರಡು ಪಟ್ಟು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ನಮ್ಮವರನ್ನು ಹೊರಗಿನವರ ದಾಳಿಯಿಂದ ಕಾಯಬೇಕು. ಅವರನ್ನು ಪ್ರಶ್ನೆ ಕೇಳಲೂಬೇಕು. ಮೊದಲನೆಯದಕ್ಕೆ ಜನ ತಾವಾಗಿ ಬರುತ್ತಾರೆ, ಎರಡನೆಯದಕ್ಕೆ ಕರೆದು ಕೂರಿಸಬೇಕು.

2025ರ ಮೇ ಚುನಾವಣೆಗೆ ನಮ್ಮ ಎದುರು ರಿಯಲ್ ಎಂಬ ಬಣ ನಿಂತಿತು. ನನ್ನ ಶಾಲೆಯಲ್ಲಿ ಇತಿಹಾಸ ಕಲಿಸುವ ಹುಡುಗನೊಬ್ಬ ಅದರಲ್ಲಿದ್ದಾನೆ. ನಾಮಪತ್ರಕ್ಕೆ ಸದಸ್ಯರ ಸಹಿ ಬೇಕೆಂದು ಹಾಳೆ ಹಿಡಿದು ಬಂದ. ನಾನು ಸಹಿ ಮಾಡಿದೆ. ಮತ ಮಾತ್ರ ನಮ್ಮವರಿಗೇ ಹಾಕುತ್ತೇನೆ ಎಂದೂ ಹೇಳಿದೆ. ಯಾಕೆ ಸಹಿ ಮಾಡಿದಿರಿ ಎಂದು ಅವನು ಕೇಳಿದ. ಅವನಿಗೆ 2016ರ ಸಿಹಿ ಹಂಚಿದ ಸಭೆಯ ಬಗ್ಗೆ ಹೇಳಿದೆ. ಅವನ ಬಣದ ಕರಪತ್ರವನ್ನೂ ನಮ್ಮ ಬಣದ್ದನ್ನೂ ಎಲ್ಲರ ಪೆಟ್ಟಿಗೆಗೂ ನಾನೇ ಹಾಕಿದೆ. ಡೆಲಿಗೇಟ್ ಆದವರು ಅಷ್ಟು ಮಾಡಬೇಕು.

ಕೋರ್ ಮತ್ತೆ ಗೆದ್ದಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಹೊಸ ಒಪ್ಪಂದದ ಬಗ್ಗೆ ತನ್ನ ಪ್ರಶ್ನೆಗಳನ್ನು ಬರೆದುಕೊಟ್ಟ. ಅವುಗಳಲ್ಲಿ ತರಗತಿಯ ಗಾತ್ರದ್ದು ಮತ್ತು ವಿಶೇಷ ಶಿಕ್ಷಣದ್ದು ನನಗೂ ಸರಿ ಎನಿಸಿದವು. ಬಣದ ಸಭೆಯಲ್ಲಿ ಎರಡನ್ನೂ ನಾನು ಕೇಳಿದೆ, ಯಾರ ಪ್ರಶ್ನೆಗಳೆಂದು ಹೇಳಿಯೇ ಕೇಳಿದೆ. ಮೊದಲನೆಯದಕ್ಕೆ ಅಂಕಿಗಳ ಸಮೇತ ಉತ್ತರ ಬಂತು. ಎರಡನೆಯದು ಮುಂದಿನ ತಿಂಗಳ ಅಜೆಂಡಾದಲ್ಲಿದೆ. ಅವತ್ತು ಮಾತಾಡುವವರ ಹೆಸರು ಬರೆದುಕೊಳ್ಳುವ ಸರದಿ ನನ್ನದು.